ಕತ್ತಲೆಯ ಪಥ್ಯ

"ಬಾಗಿಲು ತಗಿ ಮಾವ! ಗುಟ್ಕಾ ತಿಂದು ರೋಗ ತಂದ್ಕೊಂಡಾವ ನೀ. ನಮ್ಮಕ್ಕ ಯಾಕ ಕತ್ತಲ್ದಾಗ ಕೊಳೀಬೇಕು?"

ಕುರಕುಂಟಾದಿಂದ ಬೈಕಿನಲ್ಲಿ ಬಂದಿದ್ದ ಸಂಗಮೇಶ್ವರ ಬಾಗಿಲಿಗೆ ಒದ್ದ. ವಾಡಿಯ ಆ ಮನೆಯ ಕಿಟಕಿಗಳಿಗೆಲ್ಲ ಖಾಲಿ ಸಿಮೆಂಟ್ ಚೀಲ ಜಡಿದಿತ್ತು.

ಓಣಿಗೆಲ್ಲ ಗೊತ್ತಿದ್ದ ಸಂಗತಿ: ಅಕ್ಕನ ಗಂಡ ಸಿದ್ಧಲಿಂಗನಿಗೆ ಬಾಯಿ ಕ್ಯಾನ್ಸರ್. ಹೈದರಾಬಾದಿನಲ್ಲಿ ಹೊಸ ಔಷಧದ ಪ್ರಯೋಗ. ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣಗಳನ್ನು ಸೂಜಿಯಿಂದ ಮೈಗೆ ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಕಣ ಒಡೆದು ತಾಮ್ರ ಚೆಲ್ಲುತ್ತದೆ; ತಾಮ್ರ ತುಂಬಿದ ಜೀವಕೋಶ ಸಾಯುತ್ತದೆ. ಸೂಜಿ ಆಗಲೇ ಆಗಿದೆ; ನಾಡಿದ್ದು ಡಾಕ್ಟರು ಗಡ್ಡೆಯ ಮೇಲಷ್ಟೇ ದೀಪ ಹಿಡಿಯುವವರು. ಅಲ್ಲಿಯವರೆಗೆ ಬಿಸಿಲು ತಾಗಿದರೆ ಒಳ್ಳೆಯ ಮೈಯೂ ಹಾಗೇ ಸಾಯುತ್ತದೆ.

ಸಿದ್ಧಲಿಂಗ ಬನಿಯನ್ನಿನಲ್ಲೇ ಹೊಸ್ತಿಲಿಗೆ ಬಂದು, ಕೈ ಚಾಚಿ ಅಡ್ಡ ನಿಂತ.

"ಕೂಗಬ್ಯಾಡ. ಆಕಿ ಹೊರಗ ಬರಂಗಿಲ್ಲ."

"ನೀ ಯಾವೂರ ನವಾಬ?" ಸಂಗಮೇಶ್ವರ ಅವನನ್ನು ತಳ್ಳಿ ಒಳನುಗ್ಗಿದ.

ಮೂಲೆಯಲ್ಲಿ ಉಮಾದೇವಿ ಅಂಥ ಸೆಕೆಯಲ್ಲೂ ಕಂಬಳಿ ಹೊದ್ದು ಕೂತಿದ್ದಳು.

"ಹೊಡದಾನೇನು ನಿನಗ? ಗಾಯ ಮುಚ್ಚಾಕತ್ತೀಯೇನು? ತಗಿ, ನೋಡ್ತೀನಿ."

ಅವಳು ಕಂಬಳಿಯನ್ನು ಎದೆಗೆ ಬಿಗಿದುಕೊಂಡಳು.

"ಅಕ್ಕ, ನಿನ್ನ ಮಗಳು ಭಾಗ್ಯಾನ್ನ ನನ್ನ ಮಗಗ ತಂದ್ಕೋತೀನಿ ಅಂತ ಮಾತು ಕೊಟ್ಟೀನಿ. ಅಪ್ಪನ ಬ್ಯಾನಿ ಗುಟ್ಕಾದ್ದು, ರಕ್ತದಾಗ ಮಕ್ಕಳಿಗೆ ಬರೋದಲ್ಲ ಅಂತ ಮನ್ಯಾಗ ಜಗಳಾಡಿ ಒಪ್ಪಿಸೀನಿ. ಈಗ ಮೈ ತೋರಿಸು, ಇಲ್ಲಾ ನನ್ನ ಜೊತಿ ನಡಿ. ಎರಡೂ ಒಲ್ಲೆ ಅಂದ್ರ ಲಗ್ನ ಇಲ್ಲ."

"ಬ್ಯಾಡೋ ಸಂಗಮೇಶ." ಸಿದ್ಧಲಿಂಗ ನಡುವೆ ಬಂದ. "ನಾಡಿದ್ದು ಬಂದು ಕರಕೊಂಡು ಹೋಗು. ಇವತ್ತ ಬ್ಯಾಡ. ಕೇಳು, ಆಕಿ..."

"ಭಾಗ್ಯಾನ ಆಣಿ ಐತಿ ನಿಮಗ." ಉಮಾದೇವಿ ಎದ್ದಳು. "ಬಾಯಿ ಮುಚ್ಕೊಂಡು ಒಳಗ ಕುಂದ್ರಿ."

"ಕೇಳ್ತಿಲ್ಲೋ ಮಾವ?" ಸಂಗಮೇಶ್ವರ ನಕ್ಕ.

ಅವಳು ಕಂಬಳಿ ಹೊದ್ದೇ ಬೈಕ್ ಹತ್ತಿದಳು. "ಮಂದಿ ನಗ್ತಾರ" ಎಂದು ತಮ್ಮ ಅದನ್ನು ಎಳೆದು ಅಂಗಳಕ್ಕೆ ಎಸೆದ. ಬೈಕ್ ಹೊರಟಿತು. ಅವಳು ಹಿಂದಿರುಗಿ ನೋಡಲಿಲ್ಲ.

ಸಿದ್ಧಲಿಂಗ ಕಂಬಳಿ ಎತ್ತಿಕೊಂಡು ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ಓಡಿದ. ರೈಲ್ವೆ ಗೇಟಿನ ಹತ್ತಿರ ಮಗಳ ಆಣೆ ಮುರಿದು ಕೂಗಿದ. ಬೈಕ್ ಆಗಲೇ ದಾಟಿತ್ತು. ಗೂಡ್ಸ್ ಗಾಡಿಯ ಸದ್ದಿನಲ್ಲಿ ಅವನ ಮಾತು ಯಾರಿಗೂ ಕೇಳಲಿಲ್ಲ.

ಉಮಾದೇವಿ ಆ ಮನೆಗೆ ಮರಳಲಿಲ್ಲ.

ಸಿದ್ಧಲಿಂಗನ ಬಾಯಲ್ಲಿ ಒಂದು ಹುಣ್ಣೂ ಇರಲಿಲ್ಲ; ತಾಮ್ರದ ಸೂಜಿ ಬಿದ್ದದ್ದು ಅವಳಿಗೆ, ಅವಳ ಎದೆಯ ಗಡ್ಡೆಗೆ.