ಒರೆಸುವ ಬಟ್ಟೆ

ನೀರಿನ ಕ್ಯಾನು ಸಾಗಿಸುವವನು ಕಂಪನಿಯ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡ. ಅವನ ಅಜಾಗರೂಕತೆಯೇ ಕಾರಣ ಎಂದು ಬರೆದುಕೊಂಡ ಕಂಪನಿ, ಆಸ್ಪತ್ರೆಯ ಖರ್ಚು ತನ್ನದಲ್ಲ ಎಂದಿತು. ಆ ಹಾಳೆಯ ಕೆಳಗೆ, ಗಾಡಿ ಸುಸ್ಥಿತಿಯಲ್ಲಿತ್ತು ಎಂಬ ಸಾಲಿನ ಪಕ್ಕದಲ್ಲಿ, ಗಾಡಿ ರಿಪೇರಿ ಮಾಡುವ ಶೆಡ್ಡಿನ ಮೇಸ್ತ್ರಿಯ ಸಹಿ ಇತ್ತು.

ಮೂರು ವಾರದ ಮೇಲೆ ಅದೇ ಬೈಕು ಮೇಸ್ತ್ರಿಯ ಮುಂದೆ ನಿಂತಿತ್ತು. ಹದಿನೆಂಟು ವರ್ಷದ ಗಾಡಿ. ಬಾಗಿದ ಹ್ಯಾಂಡಲನ್ನು ನೆಟ್ಟಗೆ ಮಾಡಿದ್ದಾಯಿತು, ಒಡೆದ ದೀಪ ಬದಲಿಸಿದ್ದಾಯಿತು. ಉಳಿದದ್ದು ಹಿಂಚಕ್ರದ ಎರಡು ಶಾಕ್ ಅಬ್ಸಾರ್ಬರ್. ಸ್ಟ್ಯಾಂಡಿನಿಂದ ಇಳಿಸಿ ಸೀಟನ್ನು ಬಲವಾಗಿ ಅದುಮಿ ಬಿಟ್ಟ. ಜೀವವಿರುವ ಶಾಕ್ ಆದರೆ ಒಮ್ಮೆ ಎದ್ದು ನಿಲ್ಲಬೇಕು. ಇದು ಕುಣಿಯಿತು, ಮತ್ತೆ ಕುಣಿಯಿತು, ನಾಲ್ಕನೆಯ ಸಲಕ್ಕೆ ಸುಸ್ತಾಗಿ ನಿಂತಿತು.

"ಸಾರ್, ಒಳಗೆ ಎಣ್ಣೇನೇ ಇಲ್ಲ. ಬರೀ ಸ್ಪ್ರಿಂಗ್ ಮೇಲೆ ನಿಂತಿದೆ. ಜೋಡಿ ಬದಲಾಯಿಸ್ಬೇಕು."

ಮ್ಯಾನೇಜರ್ ಫೋನಿನಿಂದ ತಲೆ ಎತ್ತಲಿಲ್ಲ. "ಮುದುಕಿಗೆ ಮದುವೆ ಸೀರೆ ಯಾಕೆ ಮೇಸ್ತ್ರಿ?"

"ಸೀರೆ ಬೇಡ ಸಾರ್, ಊರುಗೋಲು ಸಾಕು. ಗುಜರಿ ಅಂಗಡೀಲಿ ಬೇರೆ ಗಾಡೀದು ಒಂದು ಜೋಡಿ ನೋಡಿ ಬಂದಿದ್ದೀನಿ. ಉದ್ದ ಸರಿಯಾಗಿದೆ, ತುದಿಯ ರಬ್ಬರ್ ಬುಷ್ ಬದಲಾಯಿಸಿದ್ರೆ ಕೂರುತ್ತೆ. ಹೊಸದರ ಕಾಲು ಬೆಲೆ."

"ನಿಮ್ಮ ಎಣ್ಣೆ ವಿದ್ಯೆ ಇದೆಯಲ್ಲ, ಅದು ಪುಕ್ಕಟೆ."

ಆ ವಿದ್ಯೆ ಮೇಸ್ತ್ರಿಯದೇ. ಹತ್ತು ವರ್ಷದ ಹಿಂದೆ, ಹೊಸದಾಗಿ ಸೇರಿದಾಗ, ಭೇಷ್ ಎನ್ನಿಸಿಕೊಳ್ಳುವ ಆಸೆಗೆ ತಾನಾಗಿ ತೋರಿಸಿಕೊಟ್ಟದ್ದು. ಶಾಕ್ ಬಿಚ್ಚಿ, ಎಣ್ಣೆ ಸೋರದಂತೆ ತಡೆಯುವ ಸೀಲು ಸವೆದಿದ್ದರೂ ಹಾಗೇ ಬಿಟ್ಟು, ಒಳಗೆ ಗೇರ್‌ಬಾಕ್ಸಿಗೆ ಹಾಕುವ ದಪ್ಪ ಎಣ್ಣೆ ತುಂಬುವುದು. ಮೇಲೆ ಕಪ್ಪು ಬಣ್ಣ ಬಳಿಯುವುದು. ಶೆಡ್ಡಿನಲ್ಲಿ ಅದುಮಿ ನೋಡಿದರೆ ಹೊಸದರ ಹಾಗೆ ಒಂದೇ ಸಲಕ್ಕೆ ನಿಲ್ಲುತ್ತದೆ. ಭಾರ ಬಿದ್ದಂತೆಲ್ಲ ಸೀಲಿನಿಂದ ಜಿನುಗಿ ವಾರದೊಳಗೆ ಖಾಲಿ. ಆಮೇಲೊಂದು ಗುಂಡಿ ಸಿಕ್ಕರೆ ಸಾಕು, ಹಿಂಚಕ್ರ ನೆಲ ಬಿಟ್ಟು ಹಾರುತ್ತದೆ. ಹಾರಿದ್ದಕ್ಕೆ ಹತ್ತಿದವನ ಹೆಸರು ಬರೆಯುತ್ತಾರೆ, ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿದ ಹಾಗೆ. ಮೇಕೆಗಳಿಗೇನು ಬರ? ಬೆಳಗಾದರೆ ಕೆಲಸ ಕೇಳಿಕೊಂಡು ಗೇಟಿನ ಹೊರಗೆ ಸಾಲಾಗಿ ನಿಂತಿರುತ್ತವೆ.

ಮೇಸ್ತ್ರಿಯ ಮಗಳು ತುಂಬಿದ ಬಸುರಿಯಾಗಿ ತವರಿಗೆ ಬಂದಿದ್ದಳು. ಕೆಲಸ ಕಳೆದುಕೊಳ್ಳುವ ಕಾಲವಲ್ಲ. ಅವನು ಎಣ್ಣೆ ತುಂಬಿದ.

ಬಣ್ಣ ಆರುವಷ್ಟರಲ್ಲಿ ಗಾಡಿ ಒಯ್ಯುವವರು ಬಂದರು. ಬಂದವಳು ಬಿದ್ದವನ ಹೆಂಡತಿ. ಗಂಡನ ನೀಲಿ ಅಂಗಿಯನ್ನೇ ತೊಟ್ಟು, ಉದ್ದದ ತೋಳನ್ನು ಎರಡು ಸುತ್ತು ಮಡಚಿದ್ದಳು.

"ಅವನ ಜಾಗ ಇವಳಿಗೇ ಕೊಟ್ಟಿದ್ದೀವಿ. ಮನೆ ನಡೀಬೇಕಲ್ಲ," ಎಂದ ಮ್ಯಾನೇಜರ್. "ನೋಡಿ ಮೇಸ್ತ್ರಿ, ನಮ್ಮಲ್ಲಿ ಮನುಷ್ಯತ್ವ ಅಂತ ಒಂದಿದೆ."

ಅವಳು ಬೈಕಿನ ಹತ್ತಿರ ಹೋಗಿ, ಸೀಟಿನ ಮೇಲೆ ಎರಡೂ ಅಂಗೈ ಊರಿ ಅದುಮಿ ಬಿಟ್ಟಳು. ಗಾಡಿ ಒಮ್ಮೆ ಎದ್ದು ನಿಂತಿತು.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಯಾರಮ್ಮ ಹೇಳ್ಕೊಟ್ಟಿದ್ದು?"

"ಅವರೇ ಅಣ್ಣ. ಮಲಗಿದ ಕಡೆಯಿಂದಲೇ ಹಾಸಿಗೆ ಅದುಮಿ ತೋರಿಸಿದ್ರು." ಅವಳಿಗೆ ಸಣ್ಣಗೆ ನಗು ಬಂತು. "ಆಮೇಲೆ, ಬಿಡು, ನೋಡೋದೇ ಬೇಡ, ಮೇಸ್ತ್ರಿ ಅಣ್ಣನ ಕೈ ದಾಟಿ ಬಂದ ಗಾಡಿ ಕಣ್ಣು ಮುಚ್ಕೊಂಡು ಹತ್ತು ಅಂದ್ರು. ರಾತ್ರಿ ಹಗಲು ಅದೇ ಯೋಚನೆ ಅವರಿಗೆ. ಗಾಡಿ ಸರಿಯಾಗಿತ್ತು, ನಾನು ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ."

ಮ್ಯಾನೇಜರ್ ಕೈಗಡಿಯಾರ ನೋಡಿ ಅವಸರಪಡಿಸಿದ. ಆ ಪಕ್ಕ ಎರಡು, ಈ ಪಕ್ಕ ಎರಡು, ತುಂಬಿದ ಕ್ಯಾನುಗಳನ್ನು ಅವಳೇ ಎತ್ತಿ ಬೈಕಿಗೆ ಸಿಕ್ಕಿಸಿದಳು. ಗಾಡಿಯ ಹಿಂಭಾಗ ಕುಸಿದು ಕೂತಿತು. ಎಡಗಡೆಯ ಶಾಕಿನ ಹೊಸ ಕಪ್ಪು ಬಣ್ಣದ ಮೇಲೆ ಏನೋ ಮಿನುಗಿತು. ತೊಟ್ಟು ಊದಿಕೊಂಡು, ಜೋತು, ಸಿಮೆಂಟಿನ ನೆಲದ ಮೇಲೆ ಬಿತ್ತು.

ಮೊದಲು ಕಂಡದ್ದು ಮ್ಯಾನೇಜರನಿಗೆ. ಮೇಜಿನ ಮೇಲಿದ್ದ ಬಟ್ಟೆಯನ್ನೆತ್ತಿ ಮೇಸ್ತ್ರಿಯ ಕಡೆ ಎಸೆದ. "ಒರೆಸಿ."

ಬಟ್ಟೆ ಮೇಸ್ತ್ರಿಯ ಕೈಗೆ ಬಂತು. ಹಳೆಯ ದಿಂಬಿನ ಚೀಲದ ತುಂಡು. ಕಳೆದ ತಿಂಗಳ ಎಣ್ಣೆ ಅದರಲ್ಲಿ ಇನ್ನೂ ಅಂಟಂಟಾಗಿತ್ತು.

"ಏನಣ್ಣ ಅದು, ಕೆಳಗೆ?" ಅವಳು ಬಗ್ಗಿದಳು.

"ನೀರಮ್ಮ, ಕ್ಯಾನಿಂದ ಬಿದ್ದಿರೋದು. ನೀನು ಹೊರಡು," ಎಂದ ಮ್ಯಾನೇಜರ್ ಮೇಸ್ತ್ರಿಯ ಕಡೆ ತಿರುಗಿದ. "ಕಿವಿ ಕೇಳಿಸಲ್ವಾ? ಒರೆಸಿ ಅಂದೆ. ಸ್ಪ್ಯಾನರ್ ಹಿಡಿಯೋಕೆ ಬರೋರು ಹೊರಗೆ ಹತ್ತು ಜನ ಇದ್ದಾರೆ."

ಎರಡನೆಯ ತೊಟ್ಟು ಬಿತ್ತು. ಮೇಸ್ತ್ರಿ ಬೈಕಿನ ಬೀಗದ ಕೈ ಕಿತ್ತು ಬಟ್ಟೆಯೊಳಗೆ ಸುತ್ತಿದ.

"ಒರೆಸಲ್ಲ," ಎಂದ. ಹೇಳಿದ್ದು ಮ್ಯಾನೇಜರನಿಗಲ್ಲ, ಅವಳ ಮುಖ ನೋಡಿ. "ನಿನ್ನ ಗಂಡ ಹತ್ತಿ ಹೊರಟಾಗ ಈ ಎಣ್ಣೆ ಒರೆಸಿದವನು ನಾನೇ ಕಣಮ್ಮ."