ಮೇಸ್ತ್ರಿ ಮುಚ್ಚಿದ ಬಾನೆಟ್

ಬಾಮೈದ ಅತ್ತಿತ್ತ ನೋಡಿ, ಬಿಳಿ ಕಾರಿನ ಬಾನೆಟ್ಟನ್ನು ಮತ್ತೆ ಎತ್ತಿದ.

ಹಳೆ ಟೈರುಗಳ ರಾಶಿಯ ಹಿಂದೆ ನಿಂತು ಮೇಸ್ತ್ರಿ ಎಲ್ಲವನ್ನೂ ನೋಡುತ್ತಿದ್ದ. ಬಾಮೈದ ಎಂಜಿನ್ ಸ್ಟಾರ್ಟ್ ಮಾಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಬಗ್ಗಿದ. ಆ ವಿದ್ಯೆ ಕಲಿಸಿದವನು ಮೇಸ್ತ್ರಿಯೇ. ಬೆಳಿಗ್ಗೆ ಅದೇ ಕಾರನ್ನು ಅದೇ ರೀತಿ ಕೇಳಿ, "ಎಂಜಿನ್ ಬೆಣ್ಣೆ ಇದ್ದ ಹಾಗಿದೆ" ಎಂದು ಬಾನೆಟ್ ಮುಚ್ಚಿದವನೂ ಮೇಸ್ತ್ರಿಯೇ. ಮತ್ತೆ ಇವನಿಗೇನು ಕೆಲಸ ಅಲ್ಲಿ?

ಮೇಸ್ತ್ರಿ ಊಟಕ್ಕೆ ಹೋದ ಹೊತ್ತು ನೋಡಿ ಎತ್ತಿದ್ದಾನೆ, ಭಲೇ! ಊಟ ಬೇಗ ಮುಗಿಸಿ ಬಂದದ್ದೇ ಒಳ್ಳೆಯದಾಯಿತು.

ಅನುಮಾನ ಇವತ್ತಿನದಲ್ಲ. ತಾನು ಸರಿಯಿದೆ ಎಂದ ಗಾಡಿಗಳು ಏನೇನೋ ನೆಪದಲ್ಲಿ ಗ್ಯಾರೇಜಿನಲ್ಲೇ ಉಳಿಯುತ್ತಿದ್ದವು. ಶೆಡ್ಡಿನ ಮೂಲೆಯಲ್ಲಿ, ಗೋಣಿಚೀಲದ ಅಡಿಯಲ್ಲಿ, ಎಂಜಿನ್ನಿನ ವಾಲ್ವು ತೆರೆಸುವ ಹೊಸ ಕ್ಯಾಮ್‌ಶಾಫ್ಟಿನ ಖಾಲಿ ಡಬ್ಬಗಳು ಸಿಕ್ಕಿದ್ದವು. ತಾನು ತರಿಸಿದ್ದಲ್ಲ. ಕೇಳಿದರೆ, "ಪಕ್ಕದ ಅಂಗಡಿಯವರು ಎಸೆದಿರ್ಬೇಕು ಭಾವ" ಎಂದಿದ್ದ. ಗಿರಾಕಿಗಳ ಜೊತೆ ಅವನದು ಗುಸುಗುಸು. ಮೇಸ್ತ್ರಿ ಹತ್ತಿರ ಹೋದರೆ ಎಲ್ಲರೂ ಗಪ್‌ಚುಪ್. ಫೋನು ತೆಗೆದರೆ ತಪ್ಪಿಹೋದ ಕರೆಗಳ ಸಾಲು, ಒಂದಾದರೂ ರಿಂಗಾಗಿದ್ದರೆ ಕೇಳಿ! ಯಾರೋ ಬೇಕೆಂದೇ ಸೈಲೆಂಟ್ ಮಾಡಿಡುತ್ತಿದ್ದರು. ಯಾರು ಎಂದು ಬೇರೆ ಹೇಳಬೇಕೆ?

ಮನೆಯಲ್ಲಿಯೂ ಅದೇ ಕಥೆ. ಹೆಂಡತಿಯ ಮಾತು ಇತ್ತೀಚೆಗೆ ಅರ್ಧ ಬಾಯೊಳಗೇ ಉಳಿಯುತ್ತಿತ್ತು. ಅಕ್ಕ, ತಮ್ಮ ಅಡುಗೆಮನೆಯಲ್ಲಿ ತಲೆಗೆ ತಲೆ ಕೊಟ್ಟು ಕೂತಿರುತ್ತಿದ್ದರು. ಮೇಸ್ತ್ರಿಯ ನೆರಳು ಕಂಡೊಡನೆ ಅವಳು ತರಕಾರಿ ಬೆಲೆಗೆ ಹಾರುತ್ತಿದ್ದಳು. ಬರಿಗೈಲಿ ಬಂದವನಿಗೆ ಅನ್ನ ಹಾಕಿ ಕಸುಬು ಕಲಿಸಿದರೆ, ಉಂಡ ಮನೆಯ ಜಂತೆ ಎಣಿಸುತ್ತಾನೆ! ಚೆನ್ನಾಗಿರುವ ಎಂಜಿನ್ನಿಗೆ ರೋಗ ಹಚ್ಚಿ, ಬೇಡದ ಸಾಮಾನು ಹಾಕಿ, ಜನರನ್ನು ಸುಲಿಯುತ್ತಿದ್ದಾನೆ. ಈ ಶೆಡ್ಡಿನಲ್ಲಿ ಸುಳ್ಳು ರಿಪೇರಿ ಇಲ್ಲ ಎಂಬ ಹೆಸರೊಂದೇ ಮೇಸ್ತ್ರಿ ಜೀವಮಾನವಿಡೀ ಗಳಿಸಿದ ಆಸ್ತಿ. ಅದು ಮಣ್ಣುಪಾಲಾಗುವ ಮೊದಲು ಇವನನ್ನು ಓಡಿಸಲೇಬೇಕು.

ಅಷ್ಟರಲ್ಲಿ ಕಾರಿನ ಒಡತಿ, ಶಾಲೆಯ ಟೀಚರು, ಗೇಟು ತಳ್ಳಿಕೊಂಡು ಬಂದರು. ಬಾಮೈದ ಎಂಜಿನ್ ಆರಿಸಿ, ಮೇಸ್ತ್ರಿ ಇಲ್ಲವೆಂಬ ಧೈರ್ಯದಲ್ಲಿ ಟೈರುಗಳ ಪಕ್ಕದಲ್ಲೇ ಅವರನ್ನು ನಿಲ್ಲಿಸಿ ಗಟ್ಟಿಯಾಗಿಯೇ ಹೇಳಿದ.

"ಕ್ಯಾಮ್‌ಶಾಫ್ಟ್ ಸವೆದಿದೆ ಮೇಡಂ. ಅದರ ಕೆಳಗಿನ ಲಿಫ್ಟರೂ ಹೋಗಿದೆ. ಗಾಡಿ ಇಲ್ಲೇ ಬಿಟ್ಟುಹೋಗಿ. ಮೇಸ್ತ್ರಿಗೆ ಏನೂ ಹೇಳೋಕೆ ಹೋಗ್ಬೇಡಿ."

"ಯಾಕೋ ಹೇಳ್ಬಾರ್ದು?" ಮೇಸ್ತ್ರಿ ಟೈರುಗಳ ಹಿಂದಿನಿಂದ ಈಚೆ ಬಂದ.

ಬಾಮೈದ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಸರಿಸಿದ. "ಭಾವ... ಊಟ ಆಯ್ತಾ?"

"ನಂದಾಯ್ತು. ಈಗ ನಿಂದು. ಬೆಳಿಗ್ಗೆ ನಾನೇ ಕೇಳಿದೀನಲ್ಲ, ಎಲ್ಲಿದೆಯೋ ಸದ್ದು?"

"ಒಳಗೆ ಬನ್ನಿ, ಮಾತಾಡೋಣ."

"ಒಳಗೆ ಯಾಕೆ? ಮೇಡಂ ಮುಂದೆನೇ ಆಗ್ಲಿ."

"ನನಗೂ ಏನೋ ಸದ್ದು ಕೇಳಿಸ್ತಲ್ಲ..." ಎಂದು ಟೀಚರು ಬಾಯಿ ಹಾಕಿದರು.

ಮೇಸ್ತ್ರಿ ಅವರನ್ನು ಕನಿಕರದಿಂದ ನೋಡಿದ. ಬೆಳಿಗ್ಗೆ ಗೇಟಿನಲ್ಲಿ ಅವರನ್ನು ಮೊದಲು ಮಾತಾಡಿಸಿದವನು ಬಾಮೈದ. ತಲೆಗೆ ತುಂಬಿಬಿಟ್ಟಿದ್ದಾನೆ, ಪಾಪ.

ಕೀಲಿ ತಿರುಗಿಸಿ, ಸ್ಕ್ರೂಡ್ರೈವರ್ ಕಸಿದುಕೊಂಡು, ಮೇಸ್ತ್ರಿ ತಾನೇ ಬಗ್ಗಿದ. ಉಸಿರು ಬಿಗಿಹಿಡಿದು ಕೇಳಿದ. ಸೈಲೆನ್ಸರಿನ ಗುಡುಗುಡು ಇತ್ತು, ಫ್ಯಾನಿನ ಗುಂಯ್‌ಗುಟ್ಟುವಿಕೆ ಇತ್ತು. ಸವೆದ ಕ್ಯಾಮ್ ಲಿಫ್ಟರಿಗೆ ಬಡಿಯುವ ಆ ಸಣ್ಣ ಟಕಟಕ ಮಾತ್ರ ಇರಲಿಲ್ಲ. ಅಂಗೈಗೆ ಒಂದಿಷ್ಟು ನಡುಕ ತಾಕಿತು, ಅಷ್ಟೇ. ಅದು ಪ್ಲಗ್ಗಿನದು.

"ಈಗಲೇ ಎಂಜಿನ್ ಮೇಲಿನ ಕವರ್ ಬಿಚ್ತೀನಿ," ಎಂಜಿನ್ ಆರಿಸಿ ಮೇಸ್ತ್ರಿ ಹೇಳಿದ. "ಒಳಗೆ ಎಲ್ಲ ಸರಿಯಿದ್ರೆ ಇವತ್ತೇ ನಿನ್ನ ಗಂಟುಮೂಟೆ ಕಟ್ಟು. ನಿಮ್ಮಕ್ಕನಿಗೆ ನಾನೇ ಹೇಳ್ಕೋತೀನಿ."

"ಬಿಚ್ಬೇಡಿ ಭಾವ." ಬಾಮೈದ ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. "ನನ್ನನ್ನ ಓಡಿಸ್ಬೇಕಾ, ಓಡಿಸಿ. ಸಂಜೆಯೇ ಹೋಗ್ತೀನಿ. ಕವರ್ ಮಾತ್ರ ಬಿಚ್ಬೇಡಿ."

ಕಳ್ಳನ ಜೀವ ಹೊಡೆದುಕೊಳ್ಳುವುದೇ ಹಾಗೆ. ಮೇಸ್ತ್ರಿ ಕೈ ಕೊಡವಿಕೊಂಡ.

ಬೋಲ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಿಸಿ ಕವರನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದ. ಸ್ಪ್ಯಾನರ್ ಹಾಕಿ ನಿಧಾನವಾಗಿ ಶಾಫ್ಟನ್ನು ತಿರುಗಿಸಿದ. ಎಣ್ಣೆಯಲ್ಲಿ ಮಿಂದ ಕ್ಯಾಮುಗಳು ಮೊಟ್ಟೆಯ ಮೂತಿ ತೋರಿಸುತ್ತ ಮೇಲೆ ಬಂದವು. ಒಂದು ಸರಿಯಿತ್ತು. ಪಕ್ಕದ್ದೂ ಸರಿಯಿತ್ತು. ಮೇಸ್ತ್ರಿ ಬಾಮೈದನತ್ತ ನೋಡಿ ಮೀಸೆಯಲ್ಲೇ ನಕ್ಕ. ಮತ್ತೆ ತಿರುಗಿಸಿದ.

ಮುಂದಿನದಕ್ಕೆ ಮೂತಿಯೇ ಇರಲಿಲ್ಲ. ಸವೆದು ಗುಂಡಗಾಗಿತ್ತು. ಅದರ ಕೆಳಗಿನ ಲಿಫ್ಟರಿನ ಮೈಯೆಲ್ಲ ಸಿಡುಬೆದ್ದ ಹಾಗೆ ಗುಳಿಬಿದ್ದಿತ್ತು. ಬೆರಳಾಡಿಸಿದರೆ ಎಣ್ಣೆಯಲ್ಲಿ ಲೋಹದ ಪುಡಿ ಮಿನುಗಿತು.

ಮೇಸ್ತ್ರಿ ಬಾಮೈದನನ್ನೂ ಮರೆತ, ಸಿಟ್ಟನ್ನೂ ಮರೆತ. "ಅಲ್ವೋ, ಇಷ್ಟು ಸವೆದಿದ್ರೆ ಸದ್ದು ಬರ್ಲೇಬೇಕಲ್ಲ?"

ಬಾಮೈದ ಟೀಚರಿಗೆ ಬೇಡವೆಂದು ಕೈಸನ್ನೆ ಮಾಡಿದ.

"ಬರ್ತಾನೇ ಇತ್ತಲ್ಲ ಮೇಸ್ತ್ರಿ?" ಎಂದರು ಟೀಚರು, ಏನೂ ಅರ್ಥವಾಗದೆ. "ಈಗ ನೀವು ಕಿವಿ ಕೊಟ್ಟಿದ್ರಲ್ಲ, ಆಗಲೂ ರಸ್ತೆಗೆಲ್ಲ ಕೇಳಿಸೋ ಹಾಗೆ ಟಕಟಕ ಅಂತಿತ್ತು."

ಮೇಸ್ತ್ರಿಯ ಕೈಯಿಂದ ಬಾಮೈದ ಮೆಲ್ಲಗೆ ಸ್ಪ್ಯಾನರ್ ಬಿಡಿಸಿಕೊಂಡ. "ನೀವು ಸರಿಯಿದೆ ಅಂದ ಗಾಡೀನೆಲ್ಲ ನಾನು ಇನ್ನೊಂದ್ಸಲ ಕೇಳಿ, ಕೆಟ್ಟಿದ್ದನ್ನ ನಿಮ್ಮ ಹೆಸರಲ್ಲೇ ರಿಪೇರಿ ಮಾಡಿ ಕಳಿಸ್ತಿದ್ದೆ ಭಾವ, ನಿಮಗೆ ಗೊತ್ತಾದ್ರೆ ಎದೆ ಒಡ್ಕೋತೀರಿ ಅಂತ ಅಕ್ಕ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ಲು."