ನಿರ್ವಾಣೆಪ್ಪ ಬಿಟ್ಟುಕೊಟ್ಟ ಕುಣಿ

ಮೈ ಜುಮ್ ಅಂದರೆ ನನ್ನನ್ನು ಬೈಯಬೇಡಿ ಫ್ರೆಂಡ್ಸ್… ಆದರೆ ಪೂರ್ತಿ ಓದಿ.

ಕರೆಂಟು, ಬಸ್ಸು, ಆಸ್ಪತ್ರೆ ಯಾವುದೂ ಇಲ್ಲದ ಕಾಲ. ಭೀಮಾ ತೀರದ ಒಂದು ಹಳ್ಳಿಯಲ್ಲಿ ನಿರ್ವಾಣೆಪ್ಪ ಎಂಬ ಶಿವಭಕ್ತನಿದ್ದ. ಲಿಂಗಪೂಜೆ ಆಗದೆ ಬಾಯಿಗೆ ತೊಟ್ಟು ನೀರು ಹಾಕಿದವನಲ್ಲ.

ನಾವೀಗ ಸೈಟು ಬುಕ್ ಮಾಡುತ್ತೇವಲ್ಲ, ಹಾಗೆ ಆ ಪುಣ್ಯಾತ್ಮ ತನ್ನ ಹೊಲದ ಬಿಲ್ವಪತ್ರಿ ಮರದ ಕೆಳಗೆ ಬದುಕಿರುವಾಗಲೇ ತನ್ನ ಕುಣಿ, ಅಂದರೆ ಸಮಾಧಿಯ ಗುಂಡಿ, ತೋಡಿಕೊಂಡಿದ್ದ! ಸತ್ತವರನ್ನು ಕೂರಿಸಿ ಮಣ್ಣು ಕೊಡುವ ಜನ ಅವರು.

"ಮುಂದ ಕೂಡೂದು ಇಲ್ಲೇ ಐತಿ, ಈಗಿಂದನ ರೂಢಿ ಆಗ್ಲಿ" ಎನ್ನುತ್ತಾ ದಿನಾ ಸಂಜೆ ಅದರೊಳಗೆ ಇಳಿದು ಪೂಜೆಗೆ ಕೂರುತ್ತಿದ್ದ.

ದಾರಿಯಲ್ಲಿ ಹೋಗುವವರಿಗೆ ಮನುಷ್ಯ ಕಾಣುತ್ತಿರಲಿಲ್ಲ… ನೆಲದೊಳಗಿಂದ ಮಂತ್ರ ಮಾತ್ರ ಕೇಳುತ್ತಿತ್ತು.

ಹೆಂಡತಿ ಶಾವಂತ್ರವ್ವನಿಗೆ ಎದೆ ಧಸಕ್ ಎನ್ನುತ್ತಿತ್ತು. ತೋಡಿದ ಕುಣಿಯನ್ನು ಖಾಲಿ ಬಿಟ್ಟರೆ ಅದು ಯಾರನ್ನಾದರೂ ಕರೆಯುತ್ತದೆ ಎಂಬುದು ಆ ಕಡೆಯ ನಂಬಿಕೆ. ಗಂಡನನ್ನೇ ಕರೆದರೆ?

ಒಂದು ಬೇಸಿಗೆಯಲ್ಲಿ ಅದು ಕರೆದೇಬಿಟ್ಟಿತು… ಆದರೆ ಬೇರೆಯವರನ್ನು.

ದಾರಿಹೋಕನೊಬ್ಬ ತನ್ನ ಹೆಂಡತಿಯ ಹೆಣ ಹೊತ್ತುಕೊಂಡು ಊರಿಗೆ ಬಂದ. ನಡುದಾರಿಯಲ್ಲಿ ಜ್ವರ ಬಂದು ಸತ್ತಿದ್ದಳು. ಯಾವ ಊರೋ, ಯಾವ ಜಾತಿಯೋ… ಯಾರೂ ಗೇಣು ಜಾಗ ಕೊಡಲಿಲ್ಲ.

"ನಂದೊಂದು ಕುಣಿ ತಯಾರ್ ಐತಿ, ಬಾರಪ್ಪ" ಎಂದ ನಿರ್ವಾಣೆಪ್ಪ.

ಶಾವಂತ್ರವ್ವ ಕೆಂಡವಾದಳು. "ನಿಮಗೇನ್ ತಲಿ ಕೆಟ್ಟೈತೇನು? ನಾಳೆ ನಿಮಗ ಯಾರು ತೋಡ್ತಾರ?"

"ಕೇಳಾಕ ಬಂದಾವಗ ಇಲ್ಲ ಅಂದು, ಅದರಾಗ ಕುಂತು ಶಿವನ ಮಾರಿ ಹೆಂಗ ನೋಡ್ಲಿ?"

ಶಾವಂತ್ರವ್ವ ಹತ್ತಿರ ಬಂದು ಹೆಣದ ಕಡೆ ನೋಡಿದಳು… ಮುತ್ತೈದೆಯ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ. 

ತನ್ನ ಕೈಗೆ ತಾಯಿ ತೊಡಿಸಿದ್ದ ಹಳದಿ ಚುಕ್ಕೆಯ ಹಸಿರು ಬಳೆಗಳಲ್ಲಿ ಎರಡನ್ನು ಬಿಚ್ಚಿ, ಆ ತಣ್ಣನೆಯ ಕೈಗಳಿಗೆ ತೊಡಿಸಿದಳು. ಆಮೇಲೆ ಮಣ್ಣು ಮುಚ್ಚಿದರು.

ಮರುವರ್ಷ ಊರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಅಡವಿಯಲ್ಲಿ ಗುಡಿಸಲು ಹಾಕಿಕೊಂಡರು. ನಿರ್ವಾಣೆಪ್ಪ ಜ್ವರದಲ್ಲಿ ಮಲಗಿಬಿಟ್ಟ.

ಆ ದಿನ ಸಂಜೆ ಹೊಲದ ಕಡೆಯಿಂದ ಒಂದು ಸದ್ದು… ಧಪ್… ಧಪ್… ಯಾರೋ ನೆಲ ಅಗೆಯುವ ಹಾಗೆ.

"ಏನೋ ಕೇಳಸಾಕತ್ತೈತಲ್ರಿ…" ಶಾವಂತ್ರವ್ವ ಗಂಡನ ಹತ್ತಿರ ಸರಿದಳು.

ಅವನು ಕಣ್ಣು ತೆರೆಯದೆ ನಕ್ಕ. "ಹ್ಞೂಂ… ತೋಡ್ಲಿ ಬಿಡು."

ಬೆಳಗಾಗುವಷ್ಟರಲ್ಲಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೇ ಪ್ರಾಣ ಬಿಟ್ಟಿದ್ದ.

ಶಾವಂತ್ರವ್ವ ಗುಡಿಸಲು ಗುಡಿಸಲಿಗೂ ಹೋಗಿ ಸೆರಗೊಡ್ಡಿದಳು. "ಒಂದು ಕುಣಿ ತೋಡ್ರೆಪ್ಪಾ…" ಪ್ಲೇಗಿನ ಹೆಣ ಎಂದು ಯಾರೂ ಹತ್ತಿರ ಬರಲಿಲ್ಲ.

"ಹಳ್ಳದಾಗ ಇಟ್ಟು ಮ್ಯಾಲ ಕಲ್ಲು ಹೇರಬೇ ಯವ್ವಾ" ಎಂದು ಊರ ಗೌಡ ದೂರದಿಂದಲೇ ಕೂಗಿದ.

ಜೀವನವಿಡೀ ಶಿವನ ಮುಂದೆ ಕೂತವನನ್ನು ನರಿಗಳ ಬಾಯಿಗೆ ಹಾಕುವುದೇ? ಅಳುತ್ತಾ ತಾನೇ ಗುದ್ದಲಿ ಹಿಡಿದು ಹೊಲಕ್ಕೆ ನಡೆದಳು…

ಬಿಲ್ವಪತ್ರಿ ಮರದ ಕೆಳಗೆ, ಆ ಹೆಣ್ಣುಮಗಳ ಸಮಾಧಿಯ ಪಕ್ಕದಲ್ಲೇ, ಹೊಸ ಕುಣಿಯೊಂದು ಬಾಯಿ ತೆರೆದುಕೊಂಡಿತ್ತು!

ಆ ಸುಡುಬಿಸಿಲಲ್ಲೂ ಮಣ್ಣು ಹಸಿ ಹಸಿ. ಒಳಗೋಡೆಯಲ್ಲಿ ದೀಪ ಇಡುವ ಗೂಡನ್ನೂ ಯಾರೋ ಕೊರೆದಿದ್ದರು. ಸುತ್ತ ಒಂದೇ ಒಂದು ಹೆಜ್ಜೆ ಗುರುತಿಲ್ಲ…

ಮಣ್ಣಿನ ಗುಪ್ಪೆಯ ಮೇಲೆ ಹಳದಿ ಚುಕ್ಕೆಯ ಒಂದು ಹಸಿರು ಬಳೆ.

ಆಕೆಯ ಚೀರಾಟ ಕೇಳಿ ಓಡಿ ಬಂದ ಜನರೂ ಅದು ಹೆಣದ ಕೈಗೆ ತೊಡಿಸಿದ್ದ ಬಳೆ ಎಂದು ಗುರುತು ಹಿಡಿದರು.  ಹಳ್ಳಕ್ಕೆ ಹಾಕು ಎಂದವನೇ ಮೊದಲು ಹೆಗಲು ಕೊಟ್ಟ. ನಿರ್ವಾಣೆಪ್ಪನನ್ನು ಭಜನೆ ಮಾಡುತ್ತಾ ತಂದು ಕೂರಿಸಿದರು.

ಆಮೇಲೆ ರೂಢಿಯಂತೆ ಶಾವಂತ್ರವ್ವನ ಬಳೆ ಒಡೆಯಬೇಕಿತ್ತು. ಆಕೆ ಆಗಲೇ ಮಣ್ಣು ಮೆತ್ತಿದ್ದ ಆ ಬಳೆಯನ್ನೂ ತೊಟ್ಟುಕೊಂಡಿದ್ದಳು. ಊರ ಹಿರಿಯ ಮುದುಕಿ ಒಂದೊಂದೇ ಒಡೆಯುತ್ತಾ ಬಂದು, ಅದೊಂದು ಉಳಿದಾಗ ಕಲ್ಲು ಕೆಳಗಿಟ್ಟಳು.

"ಇದನ್ನ ನಾವು ತೊಡಿಸಿಲ್ಲ. ನಾವು ಒಡೆಯೂದೂ ಬ್ಯಾಡ" ಎಂದು ಮುಖ ಮುಚ್ಚಿಕೊಂಡು ಅತ್ತಳು.

ಶಾವಂತ್ರವ್ವ ಸಾಯುವ ತನಕ ಆ ಒಂದು ಬಳೆ ಕೈಯಲ್ಲೇ ಇತ್ತು. ಇನ್ನೊಂದು ಇವತ್ತಿಗೂ ಆ ಮಣ್ಣಿನೊಳಗಿದೆ…

ಬಿಟ್ಟುಕೊಟ್ಟದ್ದೇ ಕೊನೆಗೆ ನಮಗಾಗಿ ಕಾದು ಕೂತಿರುತ್ತದೆ.

ನಿಮಗೆಂದೇ ಜೋಪಾನ ಮಾಡಿಟ್ಟುಕೊಂಡದ್ದನ್ನು, ಹೆಸರೂ ಗೊತ್ತಿಲ್ಲದವರಿಗೆ ನೀವು ಯಾವಾಗಲಾದರೂ ಬಿಟ್ಟುಕೊಟ್ಟಿದ್ದೀರಾ?